ರಾಬರ್ಟ್ ರೋಜರ್ಸ್‌ನ ಬಾಕಿ ಲೆಕ್ಕ

1755ರ ಆರಂಭದಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಖೋಟಾ ನೋಟಿನ ಜಾಲವೊಂದು ಸಿಕ್ಕಿಬಿತ್ತು. ಅಮೆರಿಕ ಆಗಿನ್ನೂ ದೇಶವಲ್ಲ, ಬ್ರಿಟಿಷ್ ರಾಜನ ಕೈಕೆಳಗಿನ ಬಿಡಿಬಿಡಿ ವಸಾಹತುಗಳು. ಒಂದೊಂದು ವಸಾಹತೂ ತನ್ನದೇ ಕಾಗದದ ಹಣ ಅಚ್ಚು ಹಾಕಿಸುತ್ತಿತ್ತು. ಹಾಗಾಗಿ ನಕಲು ಮಾಡುವವರಿಗೂ ಕೈತುಂಬಾ ಕೆಲಸ. ಈ ಜಾಲದ ಮುಖ್ಯ ಆಸಾಮಿ ಓವೆನ್ ಸಲಿವನ್. ಅವನನ್ನು ಮಾರನೇ ವರ್ಷ ನ್ಯೂಯಾರ್ಕಿನಲ್ಲಿ ಗಲ್ಲಿಗೇರಿಸಿದರು. ಅವನ ಜೊತೆ ವ್ಯವಹಾರ ಇಟ್ಟುಕೊಂಡಿದ್ದಾರೆ ಅಂತ ಹಿಡಿದು ತಂದವರಲ್ಲಿ 23 ವರ್ಷದ ರೈತರ ಹುಡುಗ ಒಬ್ಬನಿದ್ದ. ಹೆಸರು ರಾಬರ್ಟ್ ರೋಜರ್ಸ್.

ಅವನು ಬಚಾವಾದ ರೀತಿ ನೋಡಿ. ಆ ವರ್ಷವೇ ಫ್ರೆಂಚರ ಮೇಲೆ ದಂಡೆತ್ತಿ ಹೋಗಲು ವಸಾಹತುಗಳು ತಯಾರಾಗುತ್ತಿದ್ದವು. ಎಲ್ಲರಿಗೂ ಆಳು ಬೇಕು. ರೋಜರ್ಸ್ ಮೊದಲು ಪಕ್ಕದ ಮ್ಯಾಸಚೂಸೆಟ್ಸ್ ವಸಾಹತಿನ ಪರವಾಗಿ ಹುಡುಗರನ್ನು ಸೇರಿಸುತ್ತಿದ್ದ. ಕೇಸು ಕುತ್ತಿಗೆಗೆ ಬಂದ ಮೇಲೆ ಅದೇ ಹುಡುಗರನ್ನು ಕರೆತಂದು ನ್ಯೂ ಹ್ಯಾಂಪ್‌ಶೈರ್ ರೆಜಿಮೆಂಟಿಗೆ ಒಪ್ಪಿಸಿದ. ಮ್ಯಾಸಚೂಸೆಟ್ಸ್‌ನವರು ಕೂಗಾಡಿದರು. ಇಲ್ಲಿ ಮಾತ್ರ ಅವನಿಗೆ ಕ್ಯಾಪ್ಟನ್ ಹುದ್ದೆ ಸಿಕ್ಕಿತು, ಕೇಸು ಅಲ್ಲಿಗೇ ನಿಂತಿತು.

ಅಮೆರಿಕದ ಸೈನ್ಯದಲ್ಲಿ ಇವತ್ತು ರೇಂಜರ್ಸ್ ಎಂಬ ಪಡೆ ಇದೆಯಲ್ಲ, ಅವರು ತಮ್ಮ ಮೂಲಪುರುಷರಲ್ಲಿ ಒಬ್ಬನೆಂದು ಹೇಳಿಕೊಳ್ಳುವುದು ಇದೇ ಮನುಷ್ಯನನ್ನು. ಅವನ ಬಗ್ಗೆ ಬರೆದವರೆಲ್ಲ ಕಾಡು, ಹಿಮ, ಗುಂಡಿನ ಕಾಳಗ ಅಂತ ಬರೆಯುತ್ತಾರೆ. ನಾನು ಜಾಸ್ತಿ ವರ್ಷ ಲೆಕ್ಕಪತ್ರದ ಮೇಜಿನ ಮುಂದೆ ಕೂತವನು. ನನಗೆ ಅವನ ಬದುಕಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಾಕಿ, ಹುಂಡಿ (ಇಂಥವರಿಗೆ ಇಷ್ಟು ಹಣ ಕೊಡಿ ಅಂತ ಬರೆದ ಚೀಟಿ), ವೋಚರು. ಅವನನ್ನು ಸೈನ್ಯಕ್ಕೆ ತಂದದ್ದು ಹಣದ ಕೇಸು. ಜೈಲಿಗೆ ಹಾಕಿಸಿದ್ದು ಹಣ. ಕೊನೆಗೆ ತನ್ನ ಊರಿನವರ ವಿರುದ್ಧವೇ ಕೋವಿ ಹಿಡಿದು ನಿಂತದ್ದರ ಹಿಂದೆಯೂ ಬಹಳಷ್ಟು ಹಣದ ಕಥೆಯೇ ಇದೆ ಅಂತ ನನಗನಿಸುತ್ತದೆ.

ಅಪ್ಪ ಅಮ್ಮ ಉತ್ತರ ಐರ್ಲೆಂಡಿನ ಅಲ್ಸ್ಟರ್‌ನಿಂದ ಬಂದವರು. ರಾಬರ್ಟ್ ಹುಟ್ಟಿದ್ದು 1731ರ ನವೆಂಬರ್‌ನಲ್ಲಿ, ಮ್ಯಾಸಚೂಸೆಟ್ಸ್‌ನ ಮೆಥುಯನ್‌ನಲ್ಲಿ. 1739ರಲ್ಲಿ ಸಂಸಾರ ಉತ್ತರಕ್ಕೆ ಹೋಗಿ ಕಾಡಿನ ಅಂಚಿನಲ್ಲಿ ಜಮೀನು ಮಾಡಿತು. 1748ರಲ್ಲಿ ಫ್ರೆಂಚರ ಕಡೆಯ ಮೂಲನಿವಾಸಿ ಪಡೆಯೊಂದು ಆ ಮನೆ ತೋಟಗಳನ್ನು ಸುಟ್ಟುಹಾಕಿತು. ಕೆಲವು ವರ್ಷಗಳ ನಂತರ ಅಪ್ಪನೂ ಹೋದ. ಮುಸ್ಸಂಜೆಯಲ್ಲಿ ಕರಡಿ ತುಪ್ಪಳದ ಉಡುಪು ತೊಟ್ಟು ಗೆಳೆಯನ ಬಿಡಾರದ ಕಡೆ ಬರುತ್ತಿದ್ದಾಗ, ಕರಡಿಯೇ ಬಂತು ಅಂದುಕೊಂಡು ಆ ಗೆಳೆಯನೇ ಗುಂಡು ಹಾರಿಸಿದನಂತೆ. ಹೀಗೆ ಹುಡುಗ ಶಾಲೆಗಿಂತ ಕಾಡಿನಲ್ಲೇ ಜಾಸ್ತಿ ಬೆಳೆದ. ಎಷ್ಟರ ಮಟ್ಟಿಗೆ ಅಂದರೆ, ಮುಂದೆ ಅವನ ಹೆಸರಲ್ಲಿ ಪುಸ್ತಕಗಳು ಬಂದಾಗ ಬೇರೆ ಯಾರೋ ತಿದ್ದಿ ಬರೆದಿದ್ದಾರೆ ಅನ್ನುವ ಗುಮಾನಿ ತಪ್ಪಲಿಲ್ಲ.

ಈ ಯುದ್ಧ ಯಾವುದು ಅಂತ ಹೇಳಬೇಕು. ನಾವು ಶಾಲೆಯಲ್ಲಿ ಮೂರನೇ ಕರ್ನಾಟಿಕ್ ಯುದ್ಧ ಅಂತ ಓದಿದ್ದೆವಲ್ಲ, ವಾಂಡಿವಾಷ್, ಪುದುಚೇರಿ ಅಂತ? ಅದೇ ಬ್ರಿಟಿಷ್ ಫ್ರೆಂಚ್ ಜಗಳದ ಇನ್ನೊಂದು ಅಂಗಳ ಇದು. ಮಾಂಟ್ರಿಯಲ್ ಬಿದ್ದದ್ದು 1760ರ ಸೆಪ್ಟೆಂಬರ್‌ನಲ್ಲಿ, ಪುದುಚೇರಿ ಬಿದ್ದದ್ದು ನಾಲ್ಕು ತಿಂಗಳ ನಂತರ. ಅಮೆರಿಕದ ಅಂಗಳದಲ್ಲಿ ಜಗಳ ಮುಖ್ಯವಾಗಿ ನೀರಿನ ದಾರಿಗಾಗಿ. ಹಡ್ಸನ್ ನದಿ, ಜಾರ್ಜ್ ಸರೋವರ, ಶಾಂಪ್ಲೇನ್ ಸರೋವರ, ಇವು ಮೂರೂ ಸೇರಿ ನ್ಯೂಯಾರ್ಕಿನಿಂದ ಕೆನಡಾಕ್ಕೆ ಒಂದು ಉದ್ದನೆಯ ಹೆದ್ದಾರಿ. ಇತ್ತ ಕಡೆ ಬ್ರಿಟಿಷರ ಕೋಟೆಗಳು, ಅತ್ತ ಫ್ರೆಂಚರ ಕೋಟೆಗಳು, ನಡುವೆ ದಟ್ಟ ಕಾಡು. ಕೆಂಪು ಕೋಟಿನ ಬ್ರಿಟಿಷ್ ಸೈನಿಕನಿಗೆ ಆ ಕಾಡಿನೊಳಗೆ ಮೂರು ಹೆಜ್ಜೆ ಇಡುವುದಕ್ಕೂ ಗೊತ್ತಿರಲಿಲ್ಲ. ಶತ್ರು ಎಲ್ಲಿದ್ದಾನೆ, ಎಷ್ಟಿದ್ದಾನೆ, ಏನು ಕಟ್ಟುತ್ತಿದ್ದಾನೆ ಅಂತ ನೋಡಿಕೊಂಡು ಬರಲು ಬೇರೆ ಥರದ ಜನ ಬೇಕಿತ್ತು.

ರೋಜರ್ಸ್ ಹೋಗಿ ಬಂದ. ಮತ್ತೆ ಹೋದ, ಮತ್ತೆ ಬಂದ. 1755ರ ಶರತ್ಕಾಲದಲ್ಲಿ ಜಾರ್ಜ್ ಸರೋವರದ ಶಿಬಿರದಲ್ಲಿದ್ದ ಸೇನಾಪತಿ ವಿಲಿಯಂ ಜಾನ್ಸನ್‌ಗೆ ಇವನ ವರದಿಗಳೇ ಕಣ್ಣು. (ಈ ಜಾನ್ಸನ್ ಹೆಸರು ನೆನಪಿರಲಿ. ಮುಂದೆ ಶತ್ರುವಾಗಿ ಬರುತ್ತಾನೆ.) 1756ರ ಮಾರ್ಚಿನಲ್ಲಿ ಗವರ್ನರ್ ವಿಲಿಯಂ ಶರ್ಲಿ ಅವನನ್ನು ಬಾಸ್ಟನ್‌ಗೆ ಕರೆಸಿ ಪ್ರತ್ಯೇಕ ರೇಂಜರ್ ಕಂಪನಿ ಕಟ್ಟಲು ಹೇಳಿದ. 60 ಜನ ಸಿಪಾಯಿಗಳು. ದಿನಕ್ಕೆ ನ್ಯೂಯಾರ್ಕ್ ಲೆಕ್ಕದಲ್ಲಿ 3 ಶಿಲಿಂಗ್ ಕೂಲಿ. ಬಟ್ಟೆ, ಕೋವಿ, ಕಂಬಳಿಗೆ ಅಂತ ತಲೆಗೆ 10 ಸ್ಪ್ಯಾನಿಷ್ ಡಾಲರ್. ಮಾಮೂಲಿ ಬ್ರಿಟಿಷ್ ಸಿಪಾಯಿಗೆ ದಿನಕ್ಕೆ 8 ಪೆನ್ನಿ, ಅದರಲ್ಲೂ ಕಡಿತ. ರೇಂಜರ್‌ಗಳು ದುಬಾರಿ ಎಂಬ ಗೊಣಗಾಟ ಆ ದಿನದಿಂದಲೇ ಶುರುವಾಯಿತು.

ತೊಂದರೆಯ ಬೀಜ ಇನ್ನೂ ಹಿಂದಿನದು. 1755-56ರ ಚಳಿಗಾಲದಲ್ಲಿ ಉಳಿದ ಪ್ರಾಂತೀಯ ಸೈನಿಕರು ಮನೆಗೆ ಹೋದಾಗ, ರೋಜರ್ಸ್ ತನ್ನ ಜನರನ್ನು ಸರೋವರದ ದಂಡೆಯ ಕೋಟೆಯಲ್ಲಿ ಉಳಿಸಿಕೊಂಡ. ಸಂಬಳ ಬಂದೇ ಬರುತ್ತದೆ ಅಂತ ಭರವಸೆ ಕೊಟ್ಟ. ಆಮೇಲೆ ಆ ಸಂಬಳ ಕೊಡಲು ಯಾರೂ ತಯಾರಿಲ್ಲ. ವಸಾಹತು ಸೈನ್ಯದ ಕಡೆ ಕೈತೋರಿಸಿತು. ಹೊಸದಾಗಿ ಬಂದ ಸೇನಾಧಿಪತಿ ಲಾರ್ಡ್ ಲೌಡನ್, ಅದು ತನಗಿಂತ ಹಿಂದಿನವರ ಕಾಲದ ಬಾಬ್ತು ಅಂದ. ಸಿಪಾಯಿಗಳು ಯಾರ ಮೇಲೆ ದಾವಾ ಹಾಕಬೇಕು? ಮಾತು ಕೊಟ್ಟವನ ಮೇಲೆ ಹಾಕಿದರು. ಕೋರ್ಟು 800 ಪೌಂಡಿಗಿಂತ ಹೆಚ್ಚು ಹಣವನ್ನು ರೋಜರ್ಸ್‌ನ ತಲೆಗೆ ಕಟ್ಟಿತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಯಾವುದೇ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸಾಹೇಬರು ಬಾಯಿಮಾತಲ್ಲಿ ಹೂಂ ಅನ್ನುತ್ತಾರೆ. ಕೆಲಸ ಆಗುತ್ತದೆ. ಸಾಹೇಬರಿಗೆ ವರ್ಗವಾಗುತ್ತದೆ. ಹೊಸಬರು ಬಂದು ಆದೇಶದ ಪ್ರತಿ ಎಲ್ಲಿ ಅಂತ ಕೇಳುತ್ತಾರೆ.

ಹಾಗಂತ ಅವನು ಸುಮ್ಮನೆ ಕೂರಲಿಲ್ಲ. 1757ರ ಜನವರಿಯಲ್ಲಿ ಫ್ರೆಂಚರ ಕೋಟೆಯ ಹತ್ತಿರ ಹಿಮದಲ್ಲಿ ಕಾಳಗ ನಡೆಯಿತು. ರೋಜರ್ಸ್‌ಗೆ ಗಾಯವಾಯಿತು. ಲೆಫ್ಟಿನೆಂಟ್ ಜಾನ್ ಸ್ಟಾರ್ಕ್ ಗುಡ್ಡದ ಮೇಲೆ ಜಾಗ ಹಿಡಿದು ಕತ್ತಲಾಗುವವರೆಗೆ ತಡೆದದ್ದರಿಂದ ಉಳಿದವರು ಬದುಕಿ ಬಂದರು. ಆ ವರ್ಷವೇ ಲೌಡನ್ ಕೆಲವು ಯುವಕರನ್ನು ಕಾಡಿನ ಯುದ್ಧ ಕಲಿಯಲು ಇವನ ಕೈಗೆ ಕೊಟ್ಟ. ಅವರಿಗಾಗಿ ರೋಜರ್ಸ್ 28 ನಿಯಮಗಳನ್ನು ಬರೆದ.

ಈ ನಿಯಮಗಳನ್ನು ಓದುವುದೇ ಒಂದು ಸುಖ. ಪ್ರತಿ ಸಂಜೆ ಹಾಜರಿಗೆ ಬರುವಾಗ ಕೋವಿ, 60 ಸುತ್ತು ಮದ್ದುಗುಂಡು, ಒಂದು ಕೈಗೊಡಲಿ ಇರಲೇಬೇಕು. ನಡೆಯುವಾಗ ಸಾಲಾಗಿ ನಡೆಯಿರಿ, ಆದರೆ ಒಂದೇ ಗುಂಡಿಗೆ ಇಬ್ಬರು ಬೀಳದಷ್ಟು ದೂರ ಇಟ್ಟುಕೊಳ್ಳಿ. ನೆಲ ಜವುಗಾಗಿದ್ದರೆ ಸಾಲು ಬಿಟ್ಟು ಪಕ್ಕಪಕ್ಕಕ್ಕೆ ಹರಡಿಕೊಂಡು ನಡೆಯಿರಿ, ಇಲ್ಲದಿದ್ದರೆ ಹೆಜ್ಜೆ ಗುರುತು ಒಂದೇ ದಾರಿಯಾಗಿ ಬಿದ್ದು ಶತ್ರುವಿಗೆ ನಿಮ್ಮ ಜಾಡು ಸಿಗುತ್ತದೆ. ಹೋದ ದಾರಿಯಲ್ಲಿ ವಾಪಸ್ ಬರಬೇಡಿ. ಸೆರೆಸಿಕ್ಕವರನ್ನು ಬೇರೆ ಬೇರೆ ಇಟ್ಟು ಕೇಳಿ, ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಾಗಬಾರದು. ಬೆಳಕು ಹರಿಯುವ ಮೊದಲೇ ಎಲ್ಲರನ್ನೂ ಎಬ್ಬಿಸಿ, ಏಕೆಂದರೆ ದಾಳಿ ಬರುವುದು ಆ ಹೊತ್ತಿನಲ್ಲೇ. ನದಿಯನ್ನು ಎಲ್ಲರೂ ದಾಟುವ ಕಡೆ ದಾಟಬೇಡಿ. ಒಂದೂ ಅಲಂಕಾರದ ಮಾತಿಲ್ಲ. ಈ ವಿದ್ಯೆಯಲ್ಲಿ ಎಷ್ಟೋ ಪಾಲು ಅಲ್ಲಿನ ಮೂಲನಿವಾಸಿಗಳದ್ದೇ. ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್ ಊರಿನ ಮೊಹಿಕನ್ ಯೋಧರು ಅವನ ಪಡೆಯಲ್ಲೇ ಇದ್ದರು. ಅವರಿಗೆ ತಲೆಮಾರುಗಳಿಂದ ಗೊತ್ತಿದ್ದದ್ದನ್ನು ಇವನು ಇಂಗ್ಲಿಷಿನಲ್ಲಿ ಅಂಕಿ ಹಾಕಿ ಬರೆದ.

ನಿಯಮ ಬರೆದವನೇ ಮರುವರ್ಷ ಸಿಕ್ಕಿಹಾಕಿಕೊಂಡ. 1758ರ ಮಾರ್ಚ್ 13. 400 ಜನರ ಪಡೆ ಹೋಗುತ್ತದೆ ಅಂತ ಶಿಬಿರದಲ್ಲೆಲ್ಲ ಮೊದಲೇ ಸುದ್ದಿಯಾಗಿತ್ತು, ಆ ಶಿಬಿರದಿಂದ ಒಬ್ಬ ಫ್ರೆಂಚರ ಕೈಗೆ ಸಿಕ್ಕಿಯೂ ಇದ್ದ. ಕೊನೆಗೆ ಕೋಟೆಯ ಅಧಿಕಾರಿ ಕೊಟ್ಟದ್ದು 180 ಜನರನ್ನು. ರೋಜರ್ಸ್ ಇದನ್ನು ಕಹಿಯಾಗಿಯೇ ಬರೆದಿದ್ದಾನೆ. ಸ್ನೋಶೂ ಕಟ್ಟಿಕೊಂಡು ಹಿಮದ ಮೇಲೆ ಹೋದವರು ಮೊದಲು ಒಂದು ಸಣ್ಣ ಪಡೆಯನ್ನು ಹೊಡೆದು ಗೆದ್ದೆವು ಅಂದುಕೊಂಡರು. ಅದರ ಹಿಂದೆ ದೊಡ್ಡ ಪಡೆ ಬರುತ್ತಿತ್ತು. ಸುಮಾರು 125 ಜನ ಸತ್ತರು. ರೋಜರ್ಸ್ ಬಿಸಾಕಿದ ಕೋಟಿನ ಜೇಬಿನಲ್ಲಿ ಅವನ ನೇಮಕಾತಿ ಪತ್ರ ಸಿಕ್ಕಿ, ಅವನೂ ಸತ್ತ ಅಂತ ಫ್ರೆಂಚರು ಹಬ್ಬ ಮಾಡಿದರು. ಜಾರ್ಜ್ ಸರೋವರದ ದಂಡೆಯಲ್ಲಿ ಕಡಿದಾದ ಬಂಡೆಯೊಂದಿದೆ, ಇವನು ಅದರ ಮೇಲಿಂದ ಜಾರಿ ತಪ್ಪಿಸಿಕೊಂಡ ಅಂತ ಜನ ಇಂದಿಗೂ ತೋರಿಸುತ್ತಾರೆ. ಅವನೇ ಬರೆದ ದಿನಚರಿಯಲ್ಲಿ ಆ ಜಾರುವಿಕೆ ಇಲ್ಲ. ಇಂಥದ್ದನ್ನು ಬಿಟ್ಟು ಬರೆಯುವ ಸ್ವಭಾವ ಅವನದಲ್ಲ, ಅಲ್ವಾ?

ಸೋತು ಬಂದರೂ ಅದೇ ವರ್ಷ ಮೇಜರ್ ಆದ. ಬಹುತೇಕ ಎಲ್ಲ ರೇಂಜರ್ ಕಂಪನಿಗಳೂ ಅವನ ಕೈಕೆಳಗೆ ಬಂದವು. ಅದೇ ಹೊತ್ತಿಗೆ ಥಾಮಸ್ ಗೇಜ್ ಎಂಬ ಬ್ರಿಟಿಷ್ ಕರ್ನಲ್, ರೇಂಜರ್‌ಗಳು ಶಿಸ್ತಿಲ್ಲದವರು, ಅವರ ಕೆಲಸ ತಾನೇ ಮಾಡಿಸುತ್ತೇನೆ ಅಂತ ಹಗುರ ಕಾಲಾಳುಗಳ ಸ್ವಂತ ರೆಜಿಮೆಂಟ್ ಕಟ್ಟಿದ. ಈ ಗೇಜ್‌ನ ಹೆಸರೂ ನೆನಪಿರಲಿ.

ಈಗ ಸೇಂಟ್ ಫ್ರಾನ್ಸಿಸ್‌ಗೆ ಬರಬೇಕು. ಇಲ್ಲಿ ನಾನು ನಿಧಾನಿಸುತ್ತೇನೆ.

ಕೆನಡಾದ ಸೇಂಟ್ ಲಾರೆನ್ಸ್ ನದಿಗೆ ಸೇರುವ ಉಪನದಿಯೊಂದರ ದಂಡೆಯಲ್ಲಿ ಅಬೆನಾಕಿ ಎಂಬ ಮೂಲನಿವಾಸಿ ಜನರ ಊರು ಓಡಾನಾಕ್. ಇಂಗ್ಲಿಷರು ಅದನ್ನು ಸೇಂಟ್ ಫ್ರಾನ್ಸಿಸ್ ಅನ್ನುತ್ತಿದ್ದರು. ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್ ಕಡೆಯ, ಹಳ್ಳಿಗಳ ಮೇಲೆ ವರ್ಷಗಟ್ಟಲೆ ನಡೆದ ದಾಳಿಗಳಲ್ಲಿ ಎಷ್ಟೋ ಇಲ್ಲಿಂದಲೇ ಹೊರಟವು. 1759ರ ಸೆಪ್ಟೆಂಬರ್ 13ರಂದು ಸೇನಾಧಿಪತಿ ಜೆಫ್ರಿ ಆಮ್ಹರ್ಸ್ಟ್ ರೋಜರ್ಸ್‌ಗೆ ಆದೇಶ ಕೊಟ್ಟ. ಸೇಡು ತೀರಿಸಿಕೋ, ಆದರೆ ಹೆಂಗಸರು ಮಕ್ಕಳನ್ನು ಕೊಲ್ಲಬಾರದು, ನೋಯಿಸಬಾರದು ಅಂತ ಆ ಆದೇಶದಲ್ಲೇ ಇದೆ. ಸುಮಾರು 200 ಜನ ದೋಣಿಗಳಲ್ಲಿ ಹೊರಟರು. ಕಾಯಿಲೆ, ಅಪಘಾತ ಅಂತ ಕೆಲವರು ವಾಪಸ್ ಬಂದರು. ದಂಡೆಯಲ್ಲಿ ಬಚ್ಚಿಟ್ಟ ದೋಣಿಗಳು ಫ್ರೆಂಚರಿಗೆ ಸಿಕ್ಕವು. ವಾಪಸ್ ಬರುವ ದಾರಿ ಮುಚ್ಚಿತು. ಆದರೂ ಜವುಗು ನೆಲದಲ್ಲಿ ದಿನಗಟ್ಟಲೆ ನಡೆದು, ಅಕ್ಟೋಬರ್ 4ರ ಬೆಳಗಿನ ಜಾವ 142 ಜನ ಆ ಊರಿನ ಮೇಲೆ ಬಿದ್ದರು.

ರೋಜರ್ಸ್‌ನ ವರದಿ ಹೇಳುತ್ತದೆ: ಕನಿಷ್ಠ 200 ಮಂದಿಯನ್ನು ಕೊಂದೆವು. ಕಂಬಗಳ ಮೇಲೆ ಇಂಗ್ಲಿಷರ ತಲೆಯಿಂದ ಸುಲಿದ ನೆತ್ತಿಚರ್ಮಗಳು 600ರಷ್ಟು ನೇತಾಡುತ್ತಿದ್ದವು. ಹೆಂಗಸರು ಮಕ್ಕಳು 20 ಜನ ಸಿಕ್ಕರು, 15 ಜನರನ್ನು ಬಿಟ್ಟುಬಿಟ್ಟೆವು.

ಫ್ರೆಂಚರ ಕಡೆಯ ದಾಖಲೆ ಹೇಳುವುದೇ ಬೇರೆ. ಸತ್ತವರು ಸುಮಾರು 30, ಅದರಲ್ಲಿ 20 ಹೆಂಗಸರು ಮಕ್ಕಳು.

ಓಡಾನಾಕ್‌ನ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಇನ್ನೊಂದು ಲೆಕ್ಕವೂ ಇದೆ. ದಾಳಿಯ ಹಿಂದಿನ ರಾತ್ರಿ ಊರಿನಲ್ಲಿ ಕುಣಿತ ನಡೆಯುತ್ತಿತ್ತಂತೆ. ತಂಪಿಗೆ ಅಂತ ಹೊರಗೆ ಬಂದ ಹುಡುಗಿಯೊಬ್ಬಳ ಜೊತೆ ಕತ್ತಲಲ್ಲಿ ನಿಂತಿದ್ದ ಅಪರಿಚಿತನೊಬ್ಬ ಮಾತಾಡಿದ. ಹೆದರಬೇಡ, ನಾನು ನಿಮ್ಮವನೇ, ನಾಳೆ ಬೆಳಿಗ್ಗೆ ಇವರು ನಿಮ್ಮನ್ನೆಲ್ಲ ಮುಗಿಸುತ್ತಾರೆ, ಹೋಗಿ ಹೇಳು ಅಂದ. ಅವನು ರೋಜರ್ಸ್‌ನ ಜೊತೆ ಬಂದಿದ್ದ ಮೂಲನಿವಾಸಿ. ನಂಬಿದವರು ಮಕ್ಕಳನ್ನು ಎತ್ತಿಕೊಂಡು ಕಾಡಿನ ಕಣಿವೆಯಲ್ಲಿ ಅವಿತರು. ನಂಬದವರು ಉಳಿದರು. ಈ ಕಥೆ ಮತ್ತು ಫ್ರೆಂಚರ ಅಂಕಿ ಒಂದಕ್ಕೊಂದು ಸರಿಹೊಂದುತ್ತವೆ. ರೋಜರ್ಸ್‌ನ ಅಂಕಿ ಒಂಟಿಯಾಗಿ ನಿಲ್ಲುತ್ತದೆ.

ಹಣದ ಲೆಕ್ಕದಲ್ಲಿ ಅವನಿಗೆ ಅನ್ಯಾಯವಾಯಿತು ಅಂದರೆ ನಾನು ಒಪ್ಪುತ್ತೇನೆ. ಹೆಣದ ಲೆಕ್ಕದಲ್ಲಿ ಅವನನ್ನು ನಂಬಲಾರೆ. ಉರಿಯುವ ಮನೆಗಳೊಳಗೆ ಎಷ್ಟು ಜನ ಇದ್ದರು ಅಂತ ಅವನು ಎಣಿಸಿರಲಿಕ್ಕಿಲ್ಲ. ಆದರೆ 200 ಅಂದರೆ ಲಂಡನ್‌ವರೆಗೆ ಕೇಳಿಸುತ್ತದೆ, ಹೆಂಗಸರು ಮಕ್ಕಳು 20 ಅಂದರೆ ಕೇಳಿಸುವುದಿಲ್ಲ. ಅದೂ ಆಮ್ಹರ್ಸ್ಟ್‌ನ ಆದೇಶ ಜೇಬಿನಲ್ಲಿರುವಾಗ.

ವಾಪಸ್ ಪಯಣ ದಾಳಿಗಿಂತ ಕ್ರೂರ. ಊರಿನಿಂದ ಹೊತ್ತು ತಂದ ಮೆಕ್ಕೆಜೋಳ ಸುಮಾರು ಒಂದು ವಾರಕ್ಕೆ ಮುಗಿಯಿತು. ಹೊಟ್ಟೆ ಹೊರೆಯಲು ಸಣ್ಣ ಗುಂಪುಗಳಾಗಿ ಚದುರಿದರು. ಹಿಂದೆ ಫ್ರೆಂಚರು, ಅಬೆನಾಕಿಗಳು. ಕೆಲವರು ಸತ್ತವರ ಮಾಂಸ ತಿಂದರು. ಕನೆಕ್ಟಿಕಟ್ ನದಿಯ ದಂಡೆಯಲ್ಲಿ ಗೊತ್ತು ಮಾಡಿದ್ದ ಜಾಗಕ್ಕೆ ಆಹಾರ ಬಂದಿರಬೇಕಿತ್ತು. ಬಂದಿತ್ತು ಕೂಡ! ತಂದಿದ್ದ ಲೆಫ್ಟಿನೆಂಟ್ ಸ್ಟೀವನ್ಸ್ ಎರಡು ದಿನ ಕಾದು, ಇವರು ತಲುಪುವ ಸ್ವಲ್ಪ ಹೊತ್ತಿನ ಮುಂಚೆ ಎಲ್ಲ ಕಟ್ಟಿಕೊಂಡು ಹೊರಟುಹೋಗಿದ್ದ. ಅವನು ಹಚ್ಚಿದ್ದ ಬೆಂಕಿ ಇನ್ನೂ ಉರಿಯುತ್ತಿತ್ತು. ಮುಂದೆ ಅವನ ಮೇಲೆ ಸೈನಿಕ ವಿಚಾರಣೆ ನಡೆದು ತಪ್ಪಿತಸ್ಥ ಅಂತಾಯಿತು.

ನಡೆಯಲಾರದವರನ್ನು ಅಲ್ಲೇ ಬಿಟ್ಟು, ಹತ್ತು ದಿನದೊಳಗೆ ಆಹಾರ ಕಳಿಸುತ್ತೇನೆ ಅಂತ ಮಾತು ಕೊಟ್ಟು ರೋಜರ್ಸ್ ತೆಪ್ಪ ಕಟ್ಟಿ ಹೊರಟ. ಜೊತೆಗೆ ಗಾಯಗೊಂಡ ಕ್ಯಾಪ್ಟನ್ ಆಗ್ಡೆನ್, ಇನ್ನೊಬ್ಬ ರೇಂಜರ್, ಸೆರೆಸಿಕ್ಕ ಒಬ್ಬ ಅಬೆನಾಕಿ ಹುಡುಗ. ಮೊದಲ ತೆಪ್ಪ ಜಲಪಾತದಲ್ಲಿ ಹೋಯಿತು. ಮರ ಕಡಿಯಲು ಕೊಡಲಿಯಿಲ್ಲ. ಮರದ ಬುಡಕ್ಕೆ ಬೆಂಕಿಯಿಟ್ಟು ಬೀಳಿಸಿ, ಬೇಕಾದ ಉದ್ದಕ್ಕೆ ಮತ್ತೆ ಬೆಂಕಿಯಿಂದಲೇ ಸುಟ್ಟು ತುಂಡು ಮಾಡಿ ಎರಡನೇ ತೆಪ್ಪ ಕಟ್ಟಿದರು. ಅಕ್ಟೋಬರ್ ಕೊನೆಗೆ ನಂಬರ್ ಫೋರ್ ಎಂಬ ಕೋಟೆ ಮುಟ್ಟಿ, ಅರ್ಧ ಗಂಟೆಯೊಳಗೆ ಆಹಾರದ ದೋಣಿ ಕಳಿಸಿದ. ಕೊಟ್ಟ ಮಾತು ಉಳಿಸಿಕೊಂಡ. ಓಡಾನಾಕ್ ಬಿಟ್ಟ ಮೇಲೆ ಸತ್ತವರು ಅವನ ಲೆಕ್ಕದಲ್ಲಿ 3 ಅಧಿಕಾರಿಗಳು, 46 ಸಾರ್ಜೆಂಟ್ ಮತ್ತು ಸಿಪಾಯಿಗಳು. ತನ್ನವರ ಲೆಕ್ಕ ಮಾತ್ರ ಅವನು ಸರಿಯಾಗಿಟ್ಟಿದ್ದ.

ಆ ನಂಬರ್ ಫೋರ್ ಊರಿನವಳು ಸುಸಾನಾ ಜಾನ್ಸನ್. 1754ರಲ್ಲಿ ಆಕೆಯನ್ನು ಇದೇ ಊರಿನಿಂದ ಅಬೆನಾಕಿಗಳು ಸೆರೆಹಿಡಿದು ಒಯ್ದಿದ್ದರು. ಆಗ ಆಕೆ ತುಂಬು ಗರ್ಭಿಣಿ, ದಾರಿಯಲ್ಲೇ ಹೆರಿಗೆಯಾಯಿತು. ಓಡಾನಾಕ್‌ನಲ್ಲಿ ಮುಖ್ಯಸ್ಥ ಜೋಸೆಫ್ ಲೂಯಿ ಗಿಲ್‌ನ ಮನೆಯವರು ಆಕೆಯನ್ನು ತಮ್ಮವಳನ್ನಾಗಿ ಮಾಡಿಕೊಂಡರು. ಆ ಗಿಲ್ ಕೂಡ ಹಿಂದೊಮ್ಮೆ ಸೆರೆಯಾಗಿ ಬಂದ ಇಂಗ್ಲಿಷ್ ಗಂಡುಹೆಣ್ಣಿನ ಮಗ! ಬಿಡುಗಡೆಯಾಗಿ ಸುಸಾನಾ ಊರಿಗೆ ಮರಳಿದ ಹೊತ್ತಿಗೇ ರೋಜರ್ಸ್ ಸಬಾಟಿಸ್ ಎಂಬ ಸೆರೆ ಹುಡುಗನನ್ನು ಕರೆದುಕೊಂಡು ಅಲ್ಲಿಗೆ ಬಂದ. ಕೋಣೆಯೊಳಗೆ ಕಾಲಿಟ್ಟ ಹುಡುಗ ಆಕೆಯನ್ನು ನೋಡಿ, ದೇವರೇ, ಇವಳು ನನ್ನ ಅಕ್ಕ ಅಂತ ಕೂಗಿದನಂತೆ. ಓಡಾನಾಕ್‌ನಲ್ಲಿ ಆಕೆಗಾಗಿ ಹಸುಗಳನ್ನು ಹೊಡೆದುಕೊಂಡು ಬರುತ್ತಿದ್ದ ಹುಡುಗ ಅವನು, ಗಿಲ್‌ನ ಮಗ. ಅವನ ತಾಯಿಯನ್ನೂ ರೇಂಜರ್‌ಗಳು ಹಿಡಿದಿದ್ದರು. ಆಕೆ ಮನೆಗೆ ಮರಳಲಿಲ್ಲ.

ಜಾನ್ ಸ್ಟಾರ್ಕ್ ಈ ದಾಳಿಯಲ್ಲಿರಲಿಲ್ಲ. ಅವನೂ 1752ರಲ್ಲಿ ಬೇಟೆಗೆ ಹೋದಾಗ ಅಬೆನಾಕಿಗಳಿಗೆ ಸಿಕ್ಕು ಓಡಾನಾಕ್‌ನಲ್ಲಿ ಕೆಲವು ವಾರ ಇದ್ದವನು. 103 ಡಾಲರ್ ಕೊಟ್ಟು ಬಿಡಿಸಿಕೊಂಡು ಬಂದಿದ್ದರು. ಅಲ್ಲಿ ತನ್ನನ್ನು ಚೆನ್ನಾಗಿ ನೋಡಿಕೊಂಡರು ಅಂತ ಕೊನೆತನಕ ಹೇಳುತ್ತಿದ್ದ.

ಯುದ್ಧ ಮುಗಿಯಿತು. 1760ರ ನವೆಂಬರ್ 29ರಂದು ಡೆಟ್ರಾಯ್ಟ್ ಕೋಟೆಯಲ್ಲಿ ಫ್ರೆಂಚ್ ಬಾವುಟ ಇಳಿಸಿದವನೂ ರೋಜರ್ಸ್. 1761ರಲ್ಲಿ ಪೋರ್ಟ್ಸ್‌ಮತ್‌ನ ಪಾದ್ರಿ ಆರ್ಥರ್ ಬ್ರೌನ್‌ನ ಮಗಳು ಎಲಿಜಬೆತ್‌ಳನ್ನು ಮದುವೆಯಾದ. ಖೋಟಾ ನೋಟಿನ ಕೇಸಿನಲ್ಲಿ ನಿಂತಿದ್ದ ಹುಡುಗನಿಗೆ ಈಗ ಊರಿನ ಗೌರವಸ್ಥರ ಮನೆಯ ಹೆಣ್ಣು. ಆದರೆ ಶಾಂತಿಯ ಕಾಲದಲ್ಲಿ ಲೆಕ್ಕ ಕೇಳುವವರು ಬಂದರು. ತನ್ನ ಜೇಬಿನಿಂದ, ಸಾಲ ಮಾಡಿ, ರೇಂಜರ್‌ಗಳಿಗೆ ಕೊಟ್ಟ ಸಂಬಳ, ಸಾಮಾನು, ಮುಂಗಡ ಎಲ್ಲವನ್ನೂ ಅವನು ವಾಪಸ್ ಕೇಳಿದ. ರಸೀದಿ ಎಲ್ಲಿ? ಎಷ್ಟೋ ಕಾಗದಪತ್ರ ಕಾಡಿನಲ್ಲಿ ಹೋಗಿದ್ದವು, ಎಷ್ಟೋ ಬರೆದೇ ಇರಲಿಲ್ಲ. ಕೊಟ್ಟೆ ಅಂತ ಇವನು, ತೋರಿಸು ಅಂತ ಅವರು. 1763ರಲ್ಲಿ ಆಮ್ಹರ್ಸ್ಟ್ ಇಂಗ್ಲೆಂಡಿಗೆ ಹೋದ. ಅವನ ಕುರ್ಚಿಗೆ ಬಂದವನು ಥಾಮಸ್ ಗೇಜ್.

ಆಡಿಟ್ ಕಣ್ಣಿನಿಂದ ನೋಡಿದರೆ ಗೇಜ್ ಪೂರ್ತಿ ತಪ್ಪಲ್ಲ. ವೋಚರಿಲ್ಲದ ಖರ್ಚನ್ನು ನಾನೂ ಪಾಸು ಮಾಡುತ್ತಿರಲಿಲ್ಲ. ಆದರೆ ಹಿಮದಲ್ಲಿ ಹಸಿದು ಕೂತ ಸಿಪಾಯಿಗೆ ಕಂಬಳಿ ಕೊಡುವ ಮೊದಲು ಸಹಿ ಹಾಕಿಸಿಕೋ ಅಂತ ಯಾರೂ ಅವನಿಗೆ ಹೇಳಿಕೊಟ್ಟಿರಲೂ ಇಲ್ಲ. ಜೊತೆಗೆ ಕುಡಿತ, ಜೂಜು, ಜಮೀನು ವ್ಯವಹಾರ, ತುಪ್ಪಳದ ವ್ಯಾಪಾರ. ಯಾವ ಸಾಲ ಸರ್ಕಾರದ್ದು, ಯಾವುದು ಸ್ವಂತದ್ದು ಅಂತ ಅವನಿಗೇ ಬಿಡಿಸಿ ಹೇಳಲು ಬರುತ್ತಿತ್ತೋ ಇಲ್ಲವೋ. 1764ರಲ್ಲಿ ನ್ಯೂಯಾರ್ಕಿನಲ್ಲಿ ಸಾಲ ಕೊಟ್ಟವರು ಅವನನ್ನು ಜೈಲಿಗೆ ಹಾಕಿಸಿದರು. ಹಳೆಯ ಅಭಿಮಾನದ ಸೈನಿಕರು ಬಂದು ಜೈಲಿನ ಬಾಗಿಲು ಮುರಿದು ಬಿಡಿಸಿದರು.

ಲಂಡನ್ ಮಾತ್ರ ಅವನನ್ನು ಕೈಬೀಸಿ ಕರೆಯಿತು. 1765ರಲ್ಲಿ ಅವನ ಜರ್ನಲ್ಸ್ ಮತ್ತು ಉತ್ತರ ಅಮೆರಿಕದ ಪರಿಚಯದ ಪುಸ್ತಕ ಅಚ್ಚಾದವು. ಮರುವರ್ಷ ಅವನದೇ ಅನ್ನಲಾದ ನಾಟಕವೊಂದು ಬಂತು, ಪಾಂಟಿಯಾಕ್ ಎಂಬ ಮೂಲನಿವಾಸಿ ನಾಯಕನ ದಂಗೆಯ ಬಗ್ಗೆ. ವಿಮರ್ಶಕರು ಅದನ್ನು ಹರಿದು ಹಾಕಿದರು. ನನಗೆ ಮಾತ್ರ ಅದರ ಮೊದಲ ದೃಶ್ಯ ಇಷ್ಟ. ಇಬ್ಬರು ಇಂಗ್ಲಿಷ್ ವ್ಯಾಪಾರಿಗಳು ಮೂಲನಿವಾಸಿಗಳಿಗೆ ರಮ್ಮಿಗೆ ನೀರು ಬೆರೆಸುವುದು ಹೇಗೆ, ತಕ್ಕಡಿಯಲ್ಲಿ ತುಪ್ಪಳದ ತೂಕ ಹೊಡೆಯುವುದು ಹೇಗೆ ಅಂತ ಮಾತಾಡಿಕೊಳ್ಳುತ್ತಾರೆ. ಓಡಾನಾಕ್ ಸುಟ್ಟವನ ಹೆಸರಲ್ಲಿ ಬಂದ ನಾಟಕ ಇದು. ಮನುಷ್ಯನನ್ನು ಒಂದು ಖಾನೆಯಲ್ಲಿ ಹಾಕುವುದು ಕಷ್ಟ.

ಲಂಡನ್‌ನಲ್ಲಿ ಅವನು ಇನ್ನೊಂದು ಯೋಜನೆ ಮಂಡಿಸಿದ. ಅಮೆರಿಕದ ಒಳನಾಡಿನಿಂದ ಪಶ್ಚಿಮದ ಕಡಲಿಗೆ ನೀರಿನ ದಾರಿ ಹುಡುಕುತ್ತೇನೆ, ಅಲ್ಲಿ ಊರಗಾನ್ ಎಂಬ ನದಿಯಿದೆ ಅಂತ. ಇವತ್ತಿನ ಆರೆಗಾನ್ ರಾಜ್ಯದ ಹೆಸರು ಬರಹದಲ್ಲಿ ಮೊದಲು ಕಾಣುವುದು ಈ ಅರ್ಜಿಯಲ್ಲೇ. ಸರ್ಕಾರ ಹಣ ಕೊಡಲಿಲ್ಲ. ಬದಲಿಗೆ ಹ್ಯೂರನ್ ಮತ್ತು ಮಿಶಿಗನ್ ಸರೋವರಗಳು ಕೂಡುವ ಕಡೆಯ ಮಿಶಿಲಿಮ್ಯಾಕಿನಾಕ್ ಕೋಟೆಯ ಅಧಿಕಾರ ಕೊಟ್ಟಿತು. 1766ರಲ್ಲಿ ಹೆಂಡತಿಯ ಜೊತೆ ಅಲ್ಲಿಗೆ ಹೋದ. ಹೋದವನೇ ಸ್ವಂತ ಜವಾಬ್ದಾರಿಯಲ್ಲಿ ಜೋನಾಥನ್ ಕಾರ್ವರ್, ಜೇಮ್ಸ್ ಟ್ಯೂಟ್ ಎಂಬವರನ್ನು ಪಶ್ಚಿಮಕ್ಕೆ ಕಳಿಸಿದ. ಬುಡಕಟ್ಟುಗಳ ದೊಡ್ಡ ಸಭೆ ಸೇರಿಸಿ ಉಡುಗೊರೆ ಹಂಚಿದ. ಖರ್ಚಿಗೆಲ್ಲ ಹುಂಡಿ ಬರೆದ. ಹುಂಡಿ ಹೋಗಿ ನಿಂತದ್ದು ಯಾರ ಮುಂದೆ? ಮೂಲನಿವಾಸಿಗಳ ವ್ಯವಹಾರದ ಮುಖ್ಯಸ್ಥನಾಗಿದ್ದ ವಿಲಿಯಂ ಜಾನ್ಸನ್ ಮುಂದೆ. ಅವನು ವಾಪಸ್ ಮಾಡಿದ. ಕಾರ್ವರ್‌ಗೂ ಸಂಬಳ ಸಿಗಲಿಲ್ಲ, ಅವನು 1780ರಲ್ಲಿ ಲಂಡನ್‌ನಲ್ಲಿ ಬಡತನದಲ್ಲೇ ಸತ್ತ. 1755ರ ಚಳಿಗಾಲದ ಕಥೆಯೇ ಮತ್ತೊಮ್ಮೆ.

1767ರ ಡಿಸೆಂಬರ್‌ನಲ್ಲಿ ಗೇಜ್‌ನ ಆದೇಶದ ಮೇಲೆ ರೋಜರ್ಸ್‌ನನ್ನು ಅವನದೇ ಕೋಟೆಯಲ್ಲಿ ಬಂಧಿಸಿದರು. ಫ್ರೆಂಚರ ಜೊತೆ ಸೇರಲು ಸಂಚು ಮಾಡಿದ ಅಂತ ದೇಶದ್ರೋಹದ ಆರೋಪ. ಹೇಳಿಕೆ ಕೊಟ್ಟವನು ಅವನ ಮಾಜಿ ಕಾರ್ಯದರ್ಶಿ. ಆ ಚಳಿಗಾಲವೆಲ್ಲ ಕಾಲಿಗೆ ಬೇಡಿ. ಹಿಮ ಕರಗಿದ ಮೇಲೆ ಹಡಗಿನ ತಳದಲ್ಲಿ ಹಾಕಿ ಸಾಗಿಸಿದರು. 1768ರ ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ವಿಚಾರಣೆ ನಡೆದು ನಿರ್ದೋಷಿ ಅಂತ ತೀರ್ಪಾಯಿತು. ಮಾನ ಉಳಿಯಿತು, ಸಾಲವೂ ಉಳಿಯಿತು. ಮತ್ತೆ ಲಂಡನ್, ಮತ್ತೆ ಅರ್ಜಿಗಳು. 1772ರಿಂದ 1774ರವರೆಗೆ ಫ್ಲೀಟ್ ಜೈಲಿನಲ್ಲಿ, ಸಾಲದ ಕೈದಿಯಾಗಿ.

1775ರಲ್ಲಿ ಅಮೆರಿಕಕ್ಕೆ ವಾಪಸ್ ಬಂದಾಗ ದೇಶವೇ ಬದಲಾಗಿತ್ತು. ಬ್ರಿಟಿಷ್ ರಾಜನ ವಿರುದ್ಧ ವಸಾಹತುಗಳ ಕ್ರಾಂತಿ ಶುರುವಾಗಿತ್ತು. ರೋಜರ್ಸ್ ಕೆಲಸದಲ್ಲಿಲ್ಲದಿದ್ದರೂ ಬ್ರಿಟಿಷ್ ಸೈನ್ಯದಿಂದ ಅರ್ಧ ಸಂಬಳ ಪಡೆಯುತ್ತಿದ್ದ ಅಧಿಕಾರಿ. ಆದರೂ ಕ್ರಾಂತಿಕಾರಿಗಳ ಶಿಬಿರದ ಸುತ್ತ ಓಡಾಡಿದ, ಜಾರ್ಜ್ ವಾಷಿಂಗ್ಟನ್‌ಗೆ ಪತ್ರ ಬರೆದ. ವಾಷಿಂಗ್ಟನ್ ಭೇಟಿಯನ್ನೇ ಕೊಡಲಿಲ್ಲ. ಇಬ್ಬರ ವಯಸ್ಸಿಗೆ ಮೂರು ತಿಂಗಳ ವ್ಯತ್ಯಾಸ. ಇಬ್ಬರೂ ಫ್ರೆಂಚರ ವಿರುದ್ಧದ ಯುದ್ಧದಲ್ಲಿ ವಸಾಹತಿನ ಅಧಿಕಾರಿಗಳು. ಬ್ರಿಟಿಷ್ ರಾಜನ ಖಾಯಂ ಸೇನೆಯ ಹುದ್ದೆಗಾಗಿ ಆಸೆಪಟ್ಟು ಸಿಗದೆ ಮನೆಗೆ ಹೋದವನು ವಾಷಿಂಗ್ಟನ್, ಅಂಥದ್ದು ಸಿಕ್ಕವನು ರೋಜರ್ಸ್. ಒಬ್ಬ ಮಹಾ ಲೆಕ್ಕಗಾರ. ಕ್ರಾಂತಿಯ ಸೇನಾಧಿಪತಿಯಾದಾಗ ಸಂಬಳ ಬೇಡ, ಖರ್ಚು ಮಾತ್ರ ಕೊಡಿ ಅಂದು ಪ್ರತಿ ಖರ್ಚನ್ನೂ ಕೈಯಾರೆ ಬರೆದಿಟ್ಟು ಕೊನೆಗೆ ಬಿಲ್ಲು ಕೊಟ್ಟವನು. ಇನ್ನೊಬ್ಬನ ಕಥೆ ಇಲ್ಲಿಯವರೆಗೆ ಓದಿದಿರಿ. ಯಾರಿಗಾಗಿ ಬಂದಿದ್ದಾನೆ ಅಂತ ತಿಳಿಯದ ಸಾಲಗಾರ ಸೈನಿಕನನ್ನು ವಾಷಿಂಗ್ಟನ್ ನಂಬದೇ ಇದ್ದದ್ದು ನನಗೆ ತಪ್ಪು ಅನಿಸುವುದಿಲ್ಲ. 1776ರಲ್ಲಿ ಅವನನ್ನು ಹಿಡಿಸಿದರು. ಅವನು ತಪ್ಪಿಸಿಕೊಂಡು ಹೋಗಿ ಬ್ರಿಟಿಷ್ ಸೇನಾಧಿಪತಿ ಹೌವನ್ನು ಸೇರಿದ. ಕ್ವೀನ್ಸ್ ಅಮೆರಿಕನ್ ರೇಂಜರ್ಸ್ ಎಂಬ ಪಡೆ ಕಟ್ಟಲು ಅನುಮತಿ ಸಿಕ್ಕಿತು.

ಸೆಪ್ಟೆಂಬರ್‌ನಲ್ಲಿ ಲಾಂಗ್ ಐಲೆಂಡಿನ ಕಡೆ ಒಬ್ಬ ಯುವಕನ ಮೇಲೆ ಅವನ ಕಣ್ಣು ಬಿತ್ತು. ತಾನು ಶಾಲಾ ಮಾಸ್ತರ ಅನ್ನುತ್ತಿದ್ದ ಯುವಕ. ನಿಜಕ್ಕೂ ಮಾಸ್ತರನೇ, ಆದರೆ ಈಗ ವಾಷಿಂಗ್ಟನ್‌ನ ಗೂಢಚಾರ, 21 ವರ್ಷದ ಕ್ಯಾಪ್ಟನ್ ನೇಥನ್ ಹೇಲ್. ರೋಜರ್ಸ್ ತಾನೂ ಕ್ರಾಂತಿಯ ಕಡೆಯವನೇ, ಇಲ್ಲಿ ಸಿಕ್ಕಿಬಿದ್ದಿದ್ದೇನೆ ಅಂತ ಮಾತಿಗೆಳೆದ. ಹುಡುಗ ನಂಬಿ ಎಲ್ಲ ಹೇಳಿದ. ಊಟಕ್ಕೆ ಬಾ ಅಂತ ಕರೆದು, ಊಟದ ಹೊತ್ತಿಗೆ ಹಿಡಿಸಿದ. ಸೆಪ್ಟೆಂಬರ್ 22ರಂದು ಹೇಲ್‌ನನ್ನು ಗಲ್ಲಿಗೇರಿಸಿದರು. ಈ ವಿವರ ಹೊರಬಂದದ್ದು ಇತ್ತೀಚೆಗೆ. ಕನ್ಸಿಡರ್ ಟಿಫನಿ ಎಂಬ ಕನೆಕ್ಟಿಕಟ್‌ನ ಅಂಗಡಿಯವನು ಬರೆದಿಟ್ಟ ಹಸ್ತಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದ ಮೇಲೆ. ಅಮೆರಿಕದವರ ಅಚ್ಚುಮೆಚ್ಚಿನ ಹುತಾತ್ಮನನ್ನು ಹಿಡಿದುಕೊಟ್ಟವನೂ, ರೇಂಜರ್‌ಗಳ ಮೂಲಪುರುಷನೂ ಒಬ್ಬನೇ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ಅಲ್ಲಿ ಹೇಳುವಂಥದ್ದೂ ಜಾಸ್ತಿ ಇಲ್ಲ. ಮರುವರ್ಷವೇ ಆ ಪಡೆ ಅವನ ಕೈತಪ್ಪಿತು. 1778ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಶಾಸನಸಭೆ ಎಲಿಜಬೆತ್‌ಗೆ ವಿಚ್ಛೇದನ ಕೊಟ್ಟಿತು. ಮಗ ಆರ್ಥರ್ ಅವಳ ಜೊತೆ ಉಳಿದ, ಅವಳು ಮುಂದೆ ಇನ್ನೊಬ್ಬನನ್ನು ಮದುವೆಯಾದಳು. ಜಾನ್ ಸ್ಟಾರ್ಕ್ 1777ರಲ್ಲಿ ಬೆನಿಂಗ್ಟನ್‌ನಲ್ಲಿ ಬ್ರಿಟಿಷ್ ಕಡೆಯ ಪಡೆಯನ್ನು ಸೋಲಿಸಿ ನ್ಯೂ ಹ್ಯಾಂಪ್‌ಶೈರ್‌ನ ವೀರನಾದ. ಇಂದಿಗೂ ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೆ ಅವನ ಮಾತೇ ಇದೆ. ರೋಜರ್ಸ್ 1782ರಲ್ಲಿ ಮತ್ತೆ ಲಂಡನ್ ಸೇರಿದ. ಕುಡಿತ, ಸಾಲ, ಜೈಲು. 1795ರ ಮೇ 18ರಂದು ಲಂಡನ್‌ನ ಸೌತ್‌ವಾರ್ಕ್‌ನಲ್ಲಿ ತೀರಿಕೊಂಡ.

ಓಡಾನಾಕ್ ಇನ್ನೂ ಇದೆ. ಅಬೆನಾಕಿಗಳು ಅಲ್ಲೇ ಇದ್ದಾರೆ, ಅವರದೇ ಮ್ಯೂಸಿಯಂ ಇದೆ.

ಒಂದು ತಮಾಷೆಯ ಸಂಗತಿ ಬಾಕಿ ಇದೆ. ಅಮೆರಿಕದ ರೇಂಜರ್ ಕೈಪಿಡಿಯಲ್ಲಿ ರೋಜರ್ಸ್‌ನ ಸ್ಥಾಯಿ ಆದೇಶಗಳು ಅಂತ ಚುಟುಕು ಸಾಲುಗಳಿವೆ, ಹಳ್ಳಿ ಇಂಗ್ಲಿಷಿನಲ್ಲಿ. ಏನನ್ನೂ ಮರೆಯಬೇಡ ಅಂತ ಶುರುವಾಗುತ್ತವೆ. ಟೀ ಶರ್ಟು, ಪೋಸ್ಟರುಗಳ ಮೇಲೂ ಅವೇ. ಆ ಸಾಲುಗಳು ರೋಜರ್ಸ್ ಬರೆದವಲ್ಲ. 1930ರ ದಶಕದ ಒಂದು ಜನಪ್ರಿಯ ಕಾದಂಬರಿಯಲ್ಲಿ ಒಂದು ಪಾತ್ರ ಆಡುವ ಮಾತು. ಓದಲು ಚೆನ್ನಾಗಿವೆ, ನೆನಪಿನಲ್ಲೂ ಉಳಿಯುತ್ತವೆ, ಅದಕ್ಕೇ ಸೈನ್ಯವೂ ತೆಗೆದುಕೊಂಡಿತು. ನಿಜವಾದ 28 ನಿಯಮಗಳು ಬೇಕಿದ್ದರೆ 1765ರ ಜರ್ನಲ್ಸ್ ತೆಗೆಯಿರಿ. ವಾಕ್ಯಗಳು ಉದ್ದ, ಅಲ್ಪವಿರಾಮಗಳು ವಿಪರೀತ. ಜವುಗು ನೆಲದ ನಿಯಮ ಮೊದಲಲ್ಲೇ ಸಿಗುತ್ತದೆ.